ಹನ್ನೊಂದನೇ ನಂಬರಿನ ಶೂ

೪ ಜನವರಿ ೧೯೮೯

ತಂಗಿ,

ಕ್ಷೇಮಸಮಾಚಾರ ಆಮೇಲೆ, ಮೊದಲು ಸುದ್ದಿ. ರಜೆ ಮಂಜೂರಾಯಿತು. ಏಪ್ರಿಲ್ ಹತ್ತಕ್ಕೆ ಬಂದಿಳಿಯುತ್ತೇನೆ, ಮೇ ಇಪ್ಪತ್ತಕ್ಕೆ ವಾಪಸ್. ಮಧ್ಯದ ನಲವತ್ತು ದಿನವೂ ನನ್ನವು. ಹೆಡ್ ಮಾಸ್ಟರು ಸಹಿ ಹಾಕಿದ ಕಾಗದವನ್ನು ಸ್ಟಾಫ್ ರೂಮಿನಲ್ಲಿ ಎಲ್ಲರಿಗೂ ತೋರಿಸಿ ಬಂದೆ. ಭೂಗೋಳದ ಮೇಷ್ಟ್ರು, "ಟೀಚರ್, ನಿಮ್ಮ ಹಲ್ಲು ನೋಡ್ತಿರೋದು ಇವತ್ತೇ ಮೊದಲು" ಅಂದರು. ಮೂರು ವರ್ಷ ಒಂದೇ ಮೇಜಿನ ಆಚೆಬದಿ ಕೂತು ನೋಟ್‌ಬುಕ್ ತಿದ್ದಿದ ಮನುಷ್ಯ, ಸುಳ್ಳು ಹೇಳಲಿಕ್ಕಿಲ್ಲ.

ನನ್ನ ಕೋಣೆ ಹೇಗಿದೆಯೆಂದು ನಿನಗೆ ಬರೆದಿದ್ದೇನಲ್ಲ. ಒಂಟಿ ಟೀಚರುಗಳ ಹಾಸ್ಟೆಲಿನ ಮೂರನೇ ಮಹಡಿ, ಒಂದು ಮಂಚ, ಒಂದು ಮೇಜು, ಕಿಟಕಿಯಾಚೆ ಬಸ್ ಡಿಪೋ. ಬೀರುವಿನ ಬಾಗಿಲ ಒಳಬದಿಯಲ್ಲಿ ನಲವತ್ತು ಚೌಕದ ಟೈಮ್‌ಟೇಬಲ್ ಅಂಟಿಸಿದ್ದೇನೆ. ಮೊದಲ ವಾರ ಪರಿಚಯ. ಎರಡನೇ ವಾರ ಓದು, ಬರಹ, ಮಗ್ಗಿ. ಮೂರನೇ ವಾರ ರೈಲು ಹತ್ತಿ ಸಮುದ್ರ ನೋಡಲು ನಾವಿಬ್ಬರೇ. ಇಬ್ಬರೇ ಅಂದರೆ ನಾನು ಮತ್ತು ಚಿನ್ನಿ. ನಿನಗೂ ಸ್ವಲ್ಪ ಬಿಡುವು ಸಿಗಲಿ ಪಾಪ.

ಚಿನ್ನಿಯ ಪತ್ರ ತಲುಪಿತು. ಅಕ್ಷರ ದುಂಡಗಾಗಿದೆ, ಸಂತೋಷ. ಎಂಟು ಸಾಲಿನ ಪತ್ರದಲ್ಲಿ "ಚಿಕ್ಕಮ್ಮ" ಒಂಬತ್ತು ಸಲ ಬಂದಿದೆ. "ಅಮ್ಮ" ಒಂದೇ ಸಲ, ಅದೂ ಪತ್ರದ ನೆತ್ತಿಯ ಮೇಲೆ, ಎಲ್ಲರೂ ಹಾಕಲೇಬೇಕಾದ ಜಾಗದಲ್ಲಿ. ಎಣಿಸಿದೆ ಅಂತ ನಗಬೇಡ. ಎಣಿಸುವುದು ನನ್ನ ಕಸುಬು.

ಇದರ ಜೊತೆ ಅವಳಿಗೆ ಒಂದು ಪ್ರಶ್ನೆಪತ್ರಿಕೆ ಇಟ್ಟಿದ್ದೇನೆ, ಹನ್ನೆರಡು ಪ್ರಶ್ನೆ. ಶೂ ನಂಬರು, ಫ್ರಾಕಿನ ಉದ್ದ, ಇಷ್ಟದ ಬಣ್ಣ, ಯಾವ ಆಟದ ಸಾಮಾನು ಬೇಕು, ಹೆದರಿಕೆಯಾದರೆ ಏನು ಮಾಡುತ್ತಾಳೆ, ಹೀಗೆ. ನಿನ್ನನ್ನೇ ಕೇಳಬಹುದಿತ್ತು. ನನ್ನ ಮಗಳ ಕಾಲಿನಳತೆಯನ್ನು ಇನ್ನೊಬ್ಬರ ಹತ್ತಿರ ಕೇಳಿ ತಿಳಿಯಲು ಮನಸ್ಸಾಗಲಿಲ್ಲ, ಬೇಜಾರು ಮಾಡಿಕೊಳ್ಳಬೇಡ. ಅವಳೇ ಬರೆಯಲಿ, ನೀನು ಹೇಳಿಕೊಡಬೇಡ. ಹನ್ನೆರಡನೇ ಪ್ರಶ್ನೆ "ಎಲ್ಲರಿಗಿಂತ ಯಾರೆಂದರೆ ಇಷ್ಟ?" ಅಂತ. ಅದನ್ನು ತೆಗೆದುಬಿಡೋಣ ಅಂತ ಎರಡು ಸಲ ಯೋಚಿಸಿ ಹಾಗೇ ಬಿಟ್ಟೆ.

ಇನ್ನೊಂದು ಮಾತು. ಅವಳ ಜನನ ಪತ್ರ ನಿನ್ನ ಟ್ರಂಕಿನಲ್ಲಿದೆ, ಒಂದು ನಕಲು ಮಾಡಿಸಿ ಕಳಿಸು. ಇಲ್ಲಿನ ಆಫೀಸಿನವರಿಗೆ ಬೇಕಂತೆ, ಸುಮ್ಮನೆ ಫೈಲಿಗೆ.

ಅಕ್ಕ

*

೨೩ ಜನವರಿ ೧೯೮೯

ಅಕ್ಕ,

ಹೊಲಿಗೆ ಮಿಷಿನ್ನಿನ ಬೆಲ್ಟು ಹರಿದದ್ದೊಂದು ಬಿಟ್ಟರೆ ಇಲ್ಲಿ ಎಲ್ಲ ಗಟ್ಟಿಮುಟ್ಟಾಗಿದೆ. ನೀನು ಬರುವ ಸುದ್ದಿ ಕೇಳಿ ನಮ್ಮವರು ಪ್ರೆಸ್ಸಿನಿಂದ ಬಂದವರೇ ಮುಂದಿನ ಕೋಣೆಗೆ ಸುಣ್ಣ ಹೊಡೆಸಬೇಕು ಅಂತ ಏಣಿ ಕೇಳಲು ಹೋದರು. ಅಷ್ಟು ಉತ್ಸಾಹ. ನನಗೂ ಖುಷಿಯೇ. ಮೂರು ವರ್ಷದ ಮೇಲೆ ಒಡಹುಟ್ಟಿದವಳ ಮುಖ ನೋಡುವುದೆಂದರೆ ಕಡಿಮೆಯೇ?

ನಲವತ್ತು ದಿನದ ಟೈಮ್‌ಟೇಬಲ್ ಓದಿ ನಕ್ಕು ನಕ್ಕು ಸಾಕಾಯಿತು. ಕೂಸು ಹುಟ್ಟುವ ಮುಂಚೆ ಕುಲಾವಿ ಹೊಲಿಸಿದರಂತೆ. ಕುಲಾವಿ ಹೊಲಿಯುವ ಕಸುಬು ನನ್ನದು, ಅದನ್ನು ನನಗೇ ಬಿಡು. ಗುಂಡಿಗೆ ಎರಡನೇ ವಾರ ಮಗ್ಗಿ ಕಲಿಸುತ್ತೀಯಂತೆ. ಅವಳು ಹನ್ನೆರಡರವರೆಗೆ ಉರು ಹೊಡೆದು ಆರು ತಿಂಗಳಾಯಿತು.

ಹಾಂ, ಗುಂಡಿ ಅಂದರೆ ಚಿನ್ನಿಯೇ. ಬೀದಿಯಲ್ಲಿ, ಸ್ಕೂಲಿನಲ್ಲಿ, ಅಂಗಡಿಯಲ್ಲಿ ಎಲ್ಲರೂ ಹಾಗೇ ಕರೆಯುವುದು. ಚಿನ್ನಿ ಅಂತ ಕೂಗಿದರೆ ಅವಳು ಹಿಂದೆ ಯಾರಿದ್ದಾರೆ ಅಂತ ತಿರುಗಿ ನೋಡುತ್ತಾಳೆ.

ನಿನ್ನ ಪ್ರಶ್ನೆಪತ್ರಿಕೆಗೆ ಉತ್ತರ ಇದರೊಳಗಿದೆ. ನಾನು ಇಣುಕಿ ಕೂಡ ನೋಡಿಲ್ಲ. ಒಂದು ಗಂಟೆ ನಾಲಿಗೆ ಕಚ್ಚಿಕೊಂಡು ಕೂತು ಅವಳೇ ಬರೆದದ್ದು. ಪರೀಕ್ಷೆ ಅಂದರೆ ಅವಳಿಗೆ ಬಹಳ ಭಯಭಕ್ತಿ.

ಜನನ ಪತ್ರ ಹುಡುಕುತ್ತಿದ್ದೇನೆ. ಟ್ರಂಕಿನ ಮೇಲೆ ಬಟ್ಟೆಯ ಗಂಟುಗಳು ಬಿದ್ದಿವೆ, ಒಂದೊಂದಾಗಿ ಇಳಿಸಬೇಕು.

ನಿನ್ನ ತಂಗಿ

*

೧೦ ಫೆಬ್ರವರಿ ೧೯೮೯

ತಂಗಿ,

ಎರಡು ಪಿರಿಯಡ್ ನಡುವೆ ಸ್ಟಾಫ್ ರೂಮಿನ ಅಂಚೆಗೂಡಿನಲ್ಲಿ ನಿನ್ನ ಲಕೋಟೆ ಸಿಕ್ಕಿತು. ಮುಂದಿನ ಪಿರಿಯಡ್ಡಿನಲ್ಲಿ ಮಕ್ಕಳಿಗೆ ನಕ್ಷತ್ರ ಎಳೆಯಲು ಹೇಳಿ ಕೂತು ಓದಿದೆ. ಮೂವತ್ತೆಂಟು ಮಕ್ಕಳು ಮೂವತ್ತೆಂಟು ಬಗೆಯ ನಕ್ಷತ್ರ ಎಳೆದರು, ನಾನು ಒಂದನ್ನೂ ನೋಡಲಿಲ್ಲ.

ಶೂ ಹನ್ನೊಂದು. ಫ್ರಾಕು ಇಪ್ಪತ್ತೆರಡು ಇಂಚು. ಬಣ್ಣ ಗುಲಾಬಿ. ಬೇಕಾದದ್ದು ಕಣ್ಣು ತೆರೆದು ಮುಚ್ಚುವ ದೊಡ್ಡ ಗೊಂಬೆ. ಹೆದರಿಕೆಯಾದರೆ "ನನಗೆ ಹೆದರಿಕೆಯೇ ಆಗುವುದಿಲ್ಲ". ಹನ್ನೆರಡನೆಯದಕ್ಕೆ "ಅಮ್ಮ".

ಅದನ್ನು ಸ್ಟಾಫ್ ರೂಮಿನಲ್ಲಿ ಗಟ್ಟಿಯಾಗಿ ಓದಿದೆ. ಇವರಿಗೆ ನಮ್ಮ ಭಾಷೆ ಬರುವುದಿಲ್ಲ, ಆದರೂ ಓದಿದೆ. ಶನಿವಾರ ಭೂಗೋಳದ ಮೇಷ್ಟ್ರ ಹೆಂಡತಿಯನ್ನು ಜೊತೆಗೆ ಕರೆದುಕೊಂಡು ಹೋಗಿ ಎಲ್ಲ ಕೊಂಡು ತಂದೆ. ಶೂ ಕೆಂಪು, ಪಕ್ಕದಲ್ಲಿ ಬಕಲ್. ಫ್ರಾಕು ನಿನ್ನ ಕಣ್ಣಿಗೆ ಬಿದ್ದರೆ ಹೊಲಿಗೆಯ ತಪ್ಪು ಹುಡುಕುತ್ತೀಯ, ಹುಡುಕು, ಸಿಗುವುದಿಲ್ಲ. ಗೊಂಬೆ ಎಷ್ಟು ದೊಡ್ಡದೆಂದರೆ ಪೆಟ್ಟಿಗೆಯಲ್ಲಿ ಅಡ್ಡ ಮಲಗಿಸಬೇಕಾಯಿತು.

ಒಂದೇ ಒಂದು ಆಕ್ಷೇಪ. ಹದಿನಾಲ್ಕು ವರ್ಷದಿಂದ ಉತ್ತರಪತ್ರಿಕೆ ತಿದ್ದುತ್ತಿದ್ದೇನೆ, ನನ್ನ ಮೂಗು ಚುರುಕು. ಅಕ್ಷರ ಅವಳದು, ವಾಕ್ಯ ಅವಳದಲ್ಲ. ಏಳು ವರ್ಷದ ಮಗು ಒಂದು ಚಿತ್ತೂ ಕಾಟೂ ಇಲ್ಲದೆ ಬರೆಯುವುದಿಲ್ಲ. ಪಕ್ಕದಲ್ಲಿ ಕೂತು ಹೇಳಿಕೊಟ್ಟಿದ್ದೀಯ, ಅಲ್ಲವೇ? ಮಗು ಶಿಸ್ತಾಗಿ ಕಾಣಲಿ ಅಂತ ಮಾಡಿದ್ದೀಯ, ಕ್ಷಮಿಸಿದ್ದೇನೆ. ಉತ್ತರ ಸರಿಯಿದ್ದರೆ ಸಾಕು.

ಆದರೆ ಇದೇನು ಹೆಸರು? ಗುಂಡಿಯಂತೆ, ಗುಂಡಿ. ಅಂಗಿಯ ಗುಂಡಿಯೋ ರಸ್ತೆಯ ಗುಂಡಿಯೋ? ನಾನು ಬಂದ ದಿನದಿಂದ ಆ ಹೆಸರು ಬಂದ್.

ಜನನ ಪತ್ರ ಇನ್ನೂ ಬರಲಿಲ್ಲ. ಗಂಟು ಇಳಿಸಲು ನಿನ್ನ ಗಂಡನಿಗೆ ಹೇಳು.

ಅಕ್ಕ

*

೨೭ ಫೆಬ್ರವರಿ ೧೯೮೯

ಅಕ್ಕ,

ಮೊನ್ನೆ ಗುಂಡಿಯನ್ನು ಕರೆತರಲು ಸ್ಕೂಲಿಗೆ ಹೋಗಿದ್ದೆ. ಹೆಡ್‌ಮಿಸ್ ಒಳಗೆ ಕರೆದು ಕುರ್ಚಿ ಕೊಟ್ಟರು. ಎಂದೂ ಕುರ್ಚಿ ಕೊಟ್ಟವರಲ್ಲ. "ಮಗು ಯಾವಾಗ ಹೊರಡೋದು? ಟಿ.ಸಿ. ರೆಡಿ ಮಾಡಿಸ್ಬೇಕು" ಅಂದರು. ಎಲ್ಲಿಗೆ ಅಂದೆ. ಅವರು ಮೇಜಿನ ಮೇಲಿಂದ ಒಂದು ಪತ್ರ ಎತ್ತಿ ತೋರಿಸಿದರು. ನಿನ್ನ ಸ್ಕೂಲಿನ ಮುದ್ರೆ. ಮಗುವಿನ ಮಾರ್ಕ್ಸು, ವರ್ಗಾವಣೆ ಪತ್ರ, ಜೂನ್ ತಿಂಗಳಲ್ಲಿ ಎರಡನೇ ಕ್ಲಾಸಿಗೆ ಸೀಟು. ಕೆಳಗೆ ನಿನ್ನ ಸಹಿ.

ಸುಮ್ಮನೆ ಫೈಲಿಗೆ ಅಂತ ಬರೆದಿದ್ದೆಯಲ್ಲ.

ನಿನ್ನದು ರಜೆಯ ಪ್ರವಾಸವಂತೆ. ಬರುವವರು ಒಬ್ಬರು, ಹೋಗುವವರು ಇಬ್ಬರು. ನನಗೇನು ಹೇಳಬೇಕೆಂದಿದ್ದೆ, ಯಾವಾಗ ಹೇಳಬೇಕೆಂದಿದ್ದೆ? ಮೂವತ್ತೊಂಬತ್ತನೇ ಚೌಕದಲ್ಲಿಯೇ? ನಾನು ಓದಿದವಳಲ್ಲ, ನಿಜ. ಆದರೆ ಕಂಡವರ ಮನೆಯ ಆಳಿಗೂ ತಿಂಗಳು ಮುಂಚೆ ಹೇಳುತ್ತಾರೆ.

ಹೆಸರು ಯಾಕೆ ಅಂತ ಕೇಳಿದ್ದೀಯಲ್ಲ, ಕೇಳು ಹಾಗಾದರೆ. ಭಾವ ತೀರಿಕೊಂಡು ವರ್ಷ ತುಂಬಿತ್ತೋ ಇಲ್ಲವೋ, ನೀನು ನಾಲ್ಕು ವರ್ಷದ ಮಗುವನ್ನು ನನ್ನ ಮಡಿಲಿಗೆ ಹಾಕಿ ವಿಮಾನ ಹತ್ತಿದೆ. ಎರಡನೇ ದಿನವೂ ಅವಳು "ಅಮ್ಮ ಎಲ್ಲಿ" ಅಂತ ಕೇಳುವುದು ನಿಲ್ಲಿಸಲಿಲ್ಲ. ಮದುವೆ ಬಟ್ಟೆಯ ಕೆಲಸ ತಲೆಯ ಮೇಲಿತ್ತು. ಗುಂಡಿಯ ಡಬ್ಬಿ ಅವಳ ಮುಂದಿಟ್ಟು, ಇದರಲ್ಲಿರುವುದನ್ನೆಲ್ಲ ಎಣಿಸಿ ಮುಗಿಸುವ ಹೊತ್ತಿಗೆ ಅಮ್ಮ ಬರುತ್ತಾಳೆ ಅಂದೆ. ಪಾಪ, ಅವಳಿಗೆ ಬರುತ್ತಿದ್ದದ್ದು ಹತ್ತರವರೆಗೆ. ಎಣಿಕೆ ಬೇಗ ಮುಗಿಯಲಿ ಅಂತ ಒಂದನ್ನು ನುಂಗಿಬಿಟ್ಟಳು. ಕೋಟಿನ ದೊಡ್ಡ ಗುಂಡಿ.

ಮೂರು ದಿನ ಅಕ್ಕ. ಡಾಕ್ಟರು, ಕಾಯಿರಿ ಅಂದರು. ನಾನು ಮಿಷಿನ್ ಮುಟ್ಟಲಿಲ್ಲ, ಅನ್ನ ಮುಟ್ಟಲಿಲ್ಲ, ಅವಳ ಪಕ್ಕ ಬಿಟ್ಟು ಏಳಲಿಲ್ಲ. ಮೂರನೇ ದಿನ ಅದು ಹೊರಗೆ ಬಂತು. ನಮ್ಮವರು ನಗುತ್ತಾ "ಬಾರೇ ಗುಂಡಿ" ಅಂದರು, ಅವಳೂ ನಕ್ಕಳು. ನೀನು ಹೋದ ಮೇಲೆ ಅವಳು ನಕ್ಕದ್ದು ಅದೇ ಮೊದಲು. ಆ ಹೆಸರು ಬಂದ್ ಮಾಡುತ್ತೀಯ?

ಆಗ ನಿನಗೆ ಬರೆಯಲಿಲ್ಲ. ದೂರದಲ್ಲಿ ಒಬ್ಬಳೇ ಇದ್ದೀಯ, ಹೆದರುತ್ತೀಯ ಅಂತ ಬರೆಯಲಿಲ್ಲ. ನಿನ್ನ ಹಾಗೆ ಬೇರೆ ಲೆಕ್ಕಾಚಾರ ಇಟ್ಟುಕೊಂಡಲ್ಲ.

ಜನನ ಪತ್ರ ಸಿಕ್ಕಿದೆ. ಅಸಲಿಗೆ ಕಳೆದೇ ಇರಲಿಲ್ಲ. ನೀನೇ ಬಂದು ತೆಗೆದುಕೋ.

*

೧೪ ಮಾರ್ಚ್ ೧೯೮೯

ತಂಗಿ,

ಹೌದು. ಒಂದು ಮಾತು ಹೇಳಬೇಕಿತ್ತು, ಹೇಳಲಿಲ್ಲ. ಹೇಳಿದ್ದರೆ ನೀನು ನಲವತ್ತು ದಿನವೂ ಅವಳನ್ನು ಸೊಂಟದಿಂದ ಇಳಿಸುತ್ತಿರಲಿಲ್ಲ.

ಮೂರು ವರ್ಷ ದುಡಿದವರಿಗೆ ಸಂಸಾರದ ಕ್ವಾರ್ಟರ್ಸ್ ಕೊಡುತ್ತಾರೆ. ಡಿಸೆಂಬರಿನಲ್ಲಿ ನನ್ನ ಹೆಸರು ಬಂತು. ಎರಡು ಕೋಣೆ, ಅಡುಗೆಮನೆ, ಶಾಲೆಗೆ ನಾಲ್ಕೇ ನಿಮಿಷ. ಚಿಕ್ಕ ಕೋಣೆಗೆ ಹಳದಿ ಪರದೆ ಹಾಕಿಸಿದ್ದೇನೆ. ಚಿಕ್ಕ ಮಂಚವೂ ಬಂದಿದೆ. ದಿನಾ ಸಂಜೆ ಹಾಸ್ಟೆಲಿನಿಂದ ಅಲ್ಲಿಗೆ ನಡೆದು ಹೋಗಿ, ಆ ಮಂಚದ ಮೇಲೆ ಹತ್ತು ನಿಮಿಷ ಕೂತು ವಾಪಸ್ ಬರುತ್ತೇನೆ. ಇದನ್ನು ಯಾರಿಗೂ ಹೇಳಿಲ್ಲ.

ಈಗ ಕೇಳು, ಮುಚ್ಚಿಡುವುದು ಸಾಕು. ನನಗೆ ನಿನ್ನನ್ನು ಕಂಡರೆ ಹೊಟ್ಟೆಕಿಚ್ಚು. ದಿನಾ ಬೆಳಿಗ್ಗೆ ಮೂವತ್ತೆಂಟು ಮಕ್ಕಳ ಶೂ ಲೇಸು ಕಟ್ಟುತ್ತೇನೆ, ಮೂಗು ಒರೆಸುತ್ತೇನೆ, ಬಿದ್ದ ಹಲ್ಲನ್ನು ಕಾಗದದಲ್ಲಿ ಸುತ್ತಿ ಅವರ ತಾಯಂದಿರಿಗೆ ಕಳಿಸುತ್ತೇನೆ. ನನ್ನ ಮಗಳ ಮೊದಲ ಹಲ್ಲು ಬಿದ್ದದ್ದು ನನಗೆ ಗೊತ್ತಾದದ್ದು ನಿನ್ನ ಪತ್ರದ ಕೊನೆಯಲ್ಲಿ, ಮಿಷಿನ್ ರಿಪೇರಿಯ ಸುದ್ದಿ ಆದ ಮೇಲೆ. ಅವತ್ತು ನಿನ್ನ ಪತ್ರವನ್ನು ಹರಿದು ಹಾಕಿದೆ.

ಗುಂಡಿ ನುಂಗಿದ್ದನ್ನು ನೀನು ಮೂರು ವರ್ಷ ಬಚ್ಚಿಟ್ಟು ಈಗ ನನ್ನ ಮುಖಕ್ಕೆ ಎಸೆದಿದ್ದೀಯ, ನೀನೆಷ್ಟು ಕಷ್ಟಪಟ್ಟೆ ಅಂತ ಗೊತ್ತಾಗಲಿ ಅಂತ. ನನಗೆ ಗೊತ್ತಾದದ್ದು ಬೇರೆ. ಅವಳು ನುಂಗಿದ್ದು ನನಗಾಗಿ. ಆ ಹೆಸರು ಇಟ್ಟವರು ನೀವು, ಕಾರಣ ನಾನು.

ಹನ್ನೆರಡನೇ ಉತ್ತರ ನನ್ನ ಹತ್ತಿರ ಇದೆ, ಅವಳ ಕೈಬರಹದಲ್ಲೇ. ಹೆತ್ತವಳು ನಾನು. ನಿನ್ನ ಮಡಿಲು ತುಂಬಲಿಲ್ಲ ಅಂತ ನನ್ನದನ್ನು ಬರಿದು ಮಾಡಬೇಡ.

ಹತ್ತಕ್ಕೆ ಬರುತ್ತೇನೆ. ಅವಳ ಬಟ್ಟೆ ಜೋಡಿಸಿಡು.

*

೧೫ ಮಾರ್ಚ್ ೧೯೮೯

ತಂಗಿ,

ನಿನ್ನೆ ಪತ್ರವನ್ನು ಡಬ್ಬಿಗೆ ಹಾಕಿದ ತಕ್ಷಣ ಕೈ ಒಳಗೆ ತೂರಿಸಿ ನೋಡಿದೆ, ಎಟುಕಲಿಲ್ಲ. ಬೆಳಿಗ್ಗೆ ಅಂಚೆಯವನು ಬರುವ ಹೊತ್ತಿಗೆ ಹೋಗಿ ನಿಂತು ವಾಪಸ್ ಕೊಡು ಅಂದೆ, ನಿಯಮ ಇಲ್ಲ ಅಂದ. ಅದು ಮೊದಲು ಬರುತ್ತದೋ ಇದು ಮೊದಲು ಬರುತ್ತದೋ ಗೊತ್ತಿಲ್ಲ. ಇದು ಮೊದಲು ಬಂದರೆ ಅದನ್ನು ಒಡೆಯಬೇಡ. ಅದು ಮೊದಲು ಬಂದಿದ್ದರೆ, ಕೊನೆಯಲ್ಲಿರುವ ಮಡಿಲಿನ ಮಾತನ್ನು ಬರೆದ ಕೈಗೆ ಬೆಂಕಿ ಬೀಳಲಿ.

ಉಳಿದ ಮಾತಿಗೆ ಕ್ಷಮೆ ಕೇಳುತ್ತಿಲ್ಲ. ಆ ಒಂದಕ್ಕೆ ಕೇಳುತ್ತೇನೆ.

ಅಕ್ಕ

*

೩೦ ಮಾರ್ಚ್ ೧೯೮೯

ಅಕ್ಕ,

ಎರಡೂ ಒಟ್ಟಿಗೆ ಬಂದವು. ತಾರೀಖು ನೋಡಿ ಮೊದಲಿನದನ್ನೇ ಒಡೆದೆ. ಬೇಡ ಅಂದಿದ್ದೀಯ ಅಂತ ಗೊತ್ತಾದದ್ದು ಆಮೇಲೆ.

ನಮ್ಮವರಿಗೂ ಓದಲು ಕೊಟ್ಟೆ. ಓದಿ ಮಡಚಿಟ್ಟು, "ನೀನು ಹೊಲಿದ ಬಟ್ಟೆ ಯಾವತ್ತಾದ್ರೂ ನೀನೇ ಇಟ್ಕೊಂಡಿದ್ದೀಯ?" ಅಂದರು. ಮಗು ಏನು ಬಟ್ಟೆಯಾ ಅಂತ ಜಗಳ ತೆಗೆದೆ. ಎರಡು ದಿನ ಮಾತು ಬಿಟ್ಟೆ. ಈಗ ಬರೆಯುತ್ತಿದ್ದೇನೆ.

ಆ ಉತ್ತರಗಳೆಲ್ಲ ಸುಳ್ಳು. ನಿನ್ನ ಮೂಗು ಚುರುಕೇ, ಆದರೆ ಪೂರ್ತಿ ಹಿಡಿಯಲಿಲ್ಲ. ಅವಳು ಶಿಸ್ತಾಗಿ ಕಾಣಲಿ ಅಂತ ಹೇಳಿಕೊಟ್ಟದ್ದಲ್ಲ. ನೀನು ಪೆಟ್ಟಿಗೆ ತೆರೆದಾಗ ಒಂದೂ ಸರಿಹೋಗಬಾರದು, ಶೂ ಹತ್ತಬಾರದು, ಫ್ರಾಕು ಮೊಣಕಾಲಿನ ಮೇಲೆ ನಿಲ್ಲಬೇಕು, ಗೊಂಬೆ ನೋಡಿ ಅವಳು ಓಡಿ ಬಂದು ನನ್ನ ಹಿಂದೆ ಅಡಗಬೇಕು, ಅದಕ್ಕೇ ಹೇಳಿಕೊಟ್ಟೆ. ಪ್ರಶ್ನೆಪತ್ರಿಕೆ ನೋಡಿದ ಕೂಡಲೇ ನನಗೆ ಉರಿಯಿತು. ಮೂರು ವರ್ಷ ನಾನು ಬೆರಳಿನಲ್ಲಿ ಕಲಿತದ್ದನ್ನು ನೀನು ಒಂದು ಹಾಳೆಯಲ್ಲಿ ತರಿಸಿಕೊಳ್ಳುತ್ತೀಯಲ್ಲ ಅಂತ.

ಹದಿನಾರು ವರ್ಷದ ಕಸುಬಿನಲ್ಲಿ ಬೇಕಂತಲೇ ತಪ್ಪು ಅಳತೆ ಕೊಟ್ಟದ್ದು ಇದೊಂದೇ. ನನ್ನ ಜೊತೆ ಜಗಳವಾಡಿ ಹೋದ ಗಿರಾಕಿಗೂ ಹಾಗೆ ಮಾಡಿಲ್ಲ.

ಸರಿಯಾದದ್ದು ಬರೆಯುತ್ತೇನೆ, ಬರೆದುಕೋ. ಶೂ ಹದಿಮೂರು, ಎಡಗಾಲು ಒಂದು ಎಳ್ಳು ದೊಡ್ಡದು. ಹನ್ನೊಂದು ಹೋದ ವರ್ಷದ ನಂಬರು. ಫ್ರಾಕು ಇಪ್ಪತ್ತಾರು, ಮಡಿಕೆಗೆ ಎರಡು ಇಂಚು ಬಿಡಿಸು. ಗುಲಾಬಿ ಬಣ್ಣ ಕಂಡರಾಗದು, ಅವಳಿಗೆ ಬೇಕಾದದ್ದು ಕಂದು. ಹೌದು, ಕಂದು, ನಾನೂ ಬೈದು ನೋಡಿದ್ದೇನೆ. ಗೊಂಬೆಯ ಕಣ್ಣು ಮುಚ್ಚಿ ತೆರೆಯುವುದು ಅಂದರೆ ಜೀವ ಹೋಗುವಷ್ಟು ಭಯ. ಅಕ್ಕಪಕ್ಕದ ಮನೆಯಲ್ಲಿ ಅಂಥದ್ದು ಇದ್ದರೆ ಆ ಮನೆಯ ಬಾಗಿಲು ದಾಟುವುದಿಲ್ಲ.

ಹೆದರಿದಾಗ ಅಳುವುದಿಲ್ಲ, ಹೇಳುವುದೂ ಇಲ್ಲ. ಮಿಷಿನ್ನಿನ ಕೆಳಗೆ ಹೋಗಿ ಕೂರುತ್ತಾಳೆ. ಕರೆಯಬೇಡ, ಎಳೆಯಬೇಡ, ಏನಾಯಿತು ಅಂತ ಕೇಳಲೇಬೇಡ. ಕೇಳಿದರೆ ಇನ್ನೂ ಒಳಗೆ ಸರಿಯುತ್ತಾಳೆ. ಹತ್ತಿರ ಕೂತು ನಿನ್ನ ಪಾಡಿಗೆ ನೀನು ಏನಾದರೂ ಕೆಲಸ ಮಾಡುತ್ತಿರು. ಒಂದು ಗಂಟೆಯಾದರೂ ಆಗಬಹುದು. ತಾನಾಗಿ ಬರುತ್ತಾಳೆ.

ಹನ್ನೆರಡನೇ ಪ್ರಶ್ನೆ. ಅದೊಂದಕ್ಕೆ ನಾನು ಹೇಳಿಕೊಡಲಿಲ್ಲ, ಬಾಯಿ ಬರಲಿಲ್ಲ. ನೀನೇ ಬರಿ ಅಂದೆ. ಅವಳು ಪೆನ್ಸಿಲ್ ಹಿಡಿದು ಬಹಳ ಹೊತ್ತು ಕೂತಿದ್ದು, "ಚಿಕ್ಕಮ್ಮ, ಯಾರ ಹೆಸರು ಬರೆದ್ರೆ ಮಾರ್ಕ್ಸ್ ಬರುತ್ತೆ?" ಅಂತ ಕೇಳಿದಳು. ಪೇಪರ್ ತಿದ್ದೋದು ಯಾರು ಅಂದೆ. ಅಮ್ಮ ಅಂದಳು. ಬರೆದಳು.

ನಿನ್ನ ಮನಸ್ಸು ನೋಯಿಸಲು ಇದನ್ನು ಬರೆಯುತ್ತಿಲ್ಲ. ಸ್ವಲ್ಪ ಅದಕ್ಕೂ ಬರೆದೆ ಅನ್ನಿಸುತ್ತದೆ. ಅವಳಿಗೆ ನಿನ್ನ ಮುಖ ಗೊತ್ತಿರುವುದು ಫೋಟೋದಲ್ಲಿ ಮಾತ್ರ. ಆದರೂ ಏಪ್ರಿಲ್ ಹತ್ತು ಯಾವ ವಾರ ಅಂತ ದಿನಾ ಕೇಳುತ್ತಾಳೆ, ಅದನ್ನೂ ನಾನು ನಿನಗೆ ಈವರೆಗೆ ಬರೆದಿರಲಿಲ್ಲ.

ಇವತ್ತೇ ಅಂಚೆಗೆ ಹಾಕುತ್ತೇನೆ. ನೀನು ಹೊರಡುವ ಮುಂಚೆ ಸಿಗಬಹುದು, ಸಿಗದೆಯೂ ಇರಬಹುದು. ಸಿಗದಿದ್ದರೆ ಎದುರು ನಿಂತು ಹೇಳುವ ಧೈರ್ಯ ನನಗಿಲ್ಲ.

ತಂಗಿ

*

೨೮ ಮೇ ೧೯೮೯

ತಂಗಿ,

ಸಿಗಲಿಲ್ಲ. ಮೊನ್ನೆ ಅಂಚೆಗೂಡಿನಲ್ಲಿ ಏಳು ವಾರದ ಧೂಳಿನ ಜೊತೆ ಕೂತಿತ್ತು. ನಾನು ಹೊರಟ ಮರುದಿನದ ಮುದ್ರೆ ಬಿದ್ದಿದೆ. ಅಲ್ಲೇ ನಿಂತುಕೊಂಡು ಓದಿದೆ. ಭೂಗೋಳದ ಮೇಷ್ಟ್ರು ರಜೆ ಹೇಗಿತ್ತು ಅಂತ ಕೇಳಿದರು, ಪತ್ರ ಮಡಚಿ ಬ್ಯಾಗಿಗೆ ಹಾಕಿಕೊಂಡೆ.

ಅವತ್ತು ನಿನ್ನ ಮುಂದಿನ ಕೋಣೆಯಲ್ಲಿ ಪೆಟ್ಟಿಗೆ ತೆರೆದು ಕೆಂಪು ಶೂ ಎತ್ತಿ ತೋರಿಸಿದಾಗ ನಿನ್ನ ಮುಖ ಬಿಳಿಚಿಕೊಂಡಿತು. ನಾನು ಅದನ್ನು ಹೊಟ್ಟೆಕಿಚ್ಚು ಅಂದುಕೊಂಡೆ. ನಿಜ ಹೇಳುತ್ತೇನೆ, ನನಗೆ ಒಳಗೊಳಗೇ ಹಾಲು ಕುಡಿದಷ್ಟು ಸಂತೋಷವಾಯಿತು. ಚಿನ್ನಿ ಬಂದು ಕೂತಳು. ನೀನು ಹೊರಗೆ ಹೋದೆ. ನಾನು ಹಾಕಿದೆ, ಬಕಲ್ ಕೊನೆಯ ತೂತಿಗೆ ಬಂತು. ಸರಿಯಾಗಿದೆಯೇನೇ ಅಂದೆ. ಸರಿಯಾಗಿದೆ ಅಂದಳು.

ನಲವತ್ತು ದಿನವೂ ಅದನ್ನೇ ಹಾಕಿದಳು. ಸಮುದ್ರಕ್ಕೂ ಅದರಲ್ಲೇ ಬಂದಳು, ಮರಳಿನಲ್ಲಿ ಬಿಚ್ಚು ಅಂದರೂ ಬಿಚ್ಚಲಿಲ್ಲ. ಸ್ನಾನ, ಬಟ್ಟೆ ಎಲ್ಲ ನಿನ್ನ ಕೈಯಲ್ಲೇ ಆಗಬೇಕು ಅಂತ ಹಠ ಹಿಡಿದಾಗ ನನಗೆ ಉರಿದದ್ದು ಗೊತ್ತಲ್ಲ, ಅದು ಯಾಕೆ ಅಂತ ಈಗ ತಿಳಿಯಿತು. ಕಾಲು ನನಗೆ ಕಾಣಿಸಬಾರದಿತ್ತು.

ವಿಮಾನದಲ್ಲಿ ಗಗನಸಖಿ ಕಾಲು ಚಾಚಿ ಮಲಗಲಿ ಅಂತ ಅವಳ ಶೂ ಬಿಚ್ಚಿದಳು. ಕಾಲುಚೀಲ ಹಿಮ್ಮಡಿಗೆ ಅಂಟಿಕೊಂಡಿತ್ತು. ಎರಡೂ ಹಿಮ್ಮಡಿ. ಯಾಕೆ ಹೇಳಲಿಲ್ಲ ಅಂದೆ. ಅವಳು ಹೇಳಿದ್ದನ್ನು ಹಾಗೇ ಬರೆಯುತ್ತೇನೆ. "ನಾನೇ ಹನ್ನೊಂದು ಅಂತ ಬರೆದಿದ್ದಲ್ವಾ. ತಪ್ಪು ಅಂತ ಗೊತ್ತಾದ್ರೆ ಫೇಲು. ಫೇಲಾದ್ರೆ ನೀನು ನನ್ನ ಕರ್ಕೊಂಡು ಹೋಗಲ್ಲ, ಚಿಕ್ಕಮ್ಮಂಗೂ ಬೈತೀಯ."

ಇಬ್ಬರನ್ನೂ ಕಾಪಾಡುತ್ತಿದ್ದಳು ಏಳು ವರ್ಷದ್ದು.

ಈಗ ನೀನು ನಿನ್ನ ತಪ್ಪು ಅಂತ ಎದೆ ಬಡಿದುಕೊಳ್ಳುತ್ತೀಯ. ತಡೆ. ನೀನು ಅವಳ ಹಿಮ್ಮಡಿಗೆ ಹತ್ತಿ ಇಡುತ್ತಿದ್ದೆ. ಒಂದು ಬೆಳಿಗ್ಗೆ ಶೂವಿನಿಂದ ಹತ್ತಿ ಇಣುಕುತ್ತಿದ್ದುದನ್ನು ನಾನು ನೋಡಿದೆ. ಅದಕ್ಕೂ ಮುಂಚೆ, ಮೂರನೇ ದಿನವೇ, ಅವಳು ಕುಂಟುವುದನ್ನು ನೋಡಿದ್ದೆ. ನಾನು ಟೀಚರು ಕಣೇ, ಸಾಲಿನಲ್ಲಿ ಯಾವ ಮಗು ಕಾಲೆಳೆಯುತ್ತಿದೆ ಅಂತ ಐವತ್ತು ಗಜದಿಂದ ಹೇಳುತ್ತೇನೆ. ಆದರೂ ಕೇಳಲಿಲ್ಲ. ಕೇಳಿದರೆ ನನ್ನ ಮಗಳ ಕಾಲಿನಳತೆ ನನಗೆ ಗೊತ್ತಿಲ್ಲ ಅಂತ ನಿನ್ನ ಮುಂದೆ ಒಪ್ಪಿಕೊಂಡ ಹಾಗಾಗುತ್ತಿತ್ತು. ನೀನು ಸುಳ್ಳು ಹೇಳಿದೆ. ನಾನು ಕಂಡೂ ನಡೆಸಿದೆ. ಯಾರದು ಹೆಚ್ಚು ಅಂತ ನೀನೇ ತೂಗು, ನನಗೆ ತೂಗಲು ಆಗುತ್ತಿಲ್ಲ.

ಹಿಮ್ಮಡಿ ಮಾಯುತ್ತಿದೆ. ಶಾಲೆಯ ನರ್ಸು ಮುಲಾಮು ಕೊಟ್ಟಿದ್ದಾಳೆ. ಬರಿಗಾಲಲ್ಲೇ ಇದ್ದಾಳೆ, ಮನೆಯೊಳಗೆ ನಾನೂ ಚಪ್ಪಲಿ ಬಿಟ್ಟಿದ್ದೇನೆ.

ಈ ಪತ್ರವನ್ನು ನಿನ್ನೆ ಒಂದು ಸಲ ಬರೆದಿದ್ದೆ. ಅದರಲ್ಲಿ, ಅವಳು ಚೆನ್ನಾಗಿ ಹೊಂದಿಕೊಂಡಿದ್ದಾಳೆ, ನಿನ್ನನ್ನು ಕೇಳುವುದೇ ಇಲ್ಲ ಅಂತಿತ್ತು. ಬರೆಯುವಾಗ ಬಹಳ ಹಿತವಾಗಿತ್ತು. ಹರಿದು ಹಾಕಿದೆ. ನಿಜ ಏನೆಂದರೆ ಅವಳು ಹಳದಿ ಪರದೆಯ ಕೋಣೆಯಲ್ಲಿ ಒಂದು ದಿನವೂ ಮಲಗಿಲ್ಲ. ಊಟಕ್ಕೆ ಕೂತರೆ ನಿನ್ನ ತಟ್ಟೆ ಎಲ್ಲಿ ಅಂತ ಕೇಳುತ್ತಾಳೆ. ಈಗ ಮಧ್ಯಾಹ್ನ ಮೂರು ಗಂಟೆ, ಅಡುಗೆಮನೆಯ ಮೇಜಿನ ಕೆಳಗೆ ಕೂತಿದ್ದಾಳೆ. ಬೆಳಿಗ್ಗೆ ಬಾ ಅಂದೆ, ಗದರಿದೆ, ಬೇಡಿಕೊಂಡೆ. ನೀನು ಬರೆದ ಹಾಗೇ ಆಯಿತು, ಇನ್ನೂ ಒಳಗೆ ಸರಿದಳು. ಆಮೇಲೆ ನಿನ್ನ ಪತ್ರ ತೆಗೆದು ಆ ಭಾಗವನ್ನು ಮತ್ತೆ ಓದಿದೆ. ಈಗ ನೆಲದ ಮೇಲೆ, ಮೇಜಿನ ಕಾಲಿಗೆ ಒರಗಿ ಕೂತು ನನ್ನ ಪಾಡಿಗೆ ನಾನು ಇದನ್ನು ಬರೆಯುತ್ತಿದ್ದೇನೆ. ಒಂದು ಗಂಟೆ ದಾಟಿತು.

ಈಗಷ್ಟೇ ಒಂದು ಮಾತು ಬಂತು, ಕೆಳಗಿನಿಂದ.

"ಯಾರಿಗೆ ಬರೀತಿದ್ದೀಯ?"

ಚಿಕ್ಕಮ್ಮನಿಗೆ ಅಂದೆ.

ಬಂದುಬಿಟ್ಟಳು. ಇಷ್ಟು ದಿನದಲ್ಲಿ ನನ್ನ ತೊಡೆಗೆ ತಾಗಿ ಕೂತದ್ದು ಇದೇ ಮೊದಲು. ನಾನು ಕರೆದಾಗ ಬರಲಿಲ್ಲ, ನಿನ್ನ ಹೆಸರು ಕೇಳಿ ಬಂದಳು. ಹೊಟ್ಟೆ ಉರಿಯಿತು ಕಣೇ, ಈಗಲೂ ಉರಿಯುತ್ತಿದೆ. ಆದರೂ ಪೆನ್ನು ಅವಳಿಗೆ ಕೊಡುತ್ತಿದ್ದೇನೆ. ಈ ಹಾಳೆಯಲ್ಲಿ ಉಳಿದ ಜಾಗವೆಲ್ಲ ಗುಂಡಿಯದು. ಏನು ಬರೆದರೂ ನಾನು ಓದುವುದಿಲ್ಲ, ಹಾಗೇ ಮಡಚಿ ಅಂಟಿಸುತ್ತೇನೆ.